ಚನ್ನವ್ವ ಸಂಡಾಸಕ್ಕೆ ಹೋದದ್ದು

ಚನ್ನವ್ವನಿಗೆ ಬೇಕಾದದ್ದು ಇಷ್ಟೇ: ತನ್ನ ಕಾಲಿನ ಮೇಲೆ ಸಂಡಾಸಕ್ಕೆ ಹೋಗಿಬರುವುದು.

ಅದೂ ಯಾರದೋ ಸಂಡಾಸವಲ್ಲ. ಧಾರಾವಿಯ ಆ ಗಲ್ಲಿಯ ಕೊನೆಯಲ್ಲಿ ಅದು ಎದ್ದು ನಿಂತದ್ದೇ ಆಕೆಯ ಬಾಯಿಯ ಜೋರಿನಿಂದ. ಹರೆಯದಲ್ಲಿ ಗಲ್ಲಿಯ ಹೆಂಗಸರ ಕೈಗೆಲ್ಲ ತಂಬಿಗೆ ಹಿಡಿಸಿ ವಾರ್ಡ್ ಆಫೀಸಿಗೆ ಮೋರ್ಚಾ ಒಯ್ದಿದ್ದಳು. "ಸಂಡಾಸ ಕಟ್ಟಸ್ತೀರೋ, ಇಲ್ಲೇ ಕೂಡ್ರಲೋ?" ಎಂದು ಸಾಹೇಬರ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತವಳು. ಕಟ್ಟಿಸಿದರು.

ಈಗ ಅದೇ ಸಂಡಾಸ ಆಕೆಗೆ ಸೋಲಾಪುರದಷ್ಟು ದೂರ. ಪ್ಲಾಸ್ಟಿಕ್ ಆರಿಸುತ್ತ, ಅದನ್ನು ಕರಗಿಸುವ ಭಟ್ಟಿಯ ಹೊಗೆ ಕುಡಿಯುತ್ತ ಎದೆ ಕೆಟ್ಟು ಕೂತಿತು. ಮೂಗಿಗೆ ನಳಿ ಬಂತು, ಮೂಲೆಗೆ ಆಕ್ಸಿಜನ್ ಮಷಿನ್ನು ಬಂತು. ಹಿಟ್ಟಿನ ಗಿರಣಿಯ ಹಾಗೆ ಗುರುಗುಡುವ ಅದರ ನಳಿ ಹೊಸ್ತಿಲಿಗೆ ಮುಗಿಯುತ್ತದೆ. ಒಮ್ಮೆ ನಳಿ ಕಿತ್ತೊಗೆದು ಹೋಗಿ ಗಟಾರದ ದಂಡೆಗೆ ಬಿದ್ದಳು. ಆಮೇಲೆ ಪರದೆ, ಪರದೆಯ ಹಿಂದೆ ಡಬ್ಬ. ಡಬ್ಬ ಚೆಲ್ಲುವವಳು ಮರಾಠಿ ಸೊಸೆ ಸೋನಾಲಿ. ಮುಖ ಸಿಂಡರಿಸುವುದಿಲ್ಲ, ಅದೇ ಚನ್ನವ್ವನಿಗೆ ಇನ್ನಷ್ಟು ಉರಿ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಓಡಾಡಲೆಂದು ಗಾಲಿಗಳ ಮೇಲೆ ಸಣ್ಣ ಸಿಲಿಂಡರೂ ಬಂದಿದೆ. ಆದರೆ ಅದರ ತಲೆಗೆ ಗಾಳಿ ಅಳೆದು ಬಿಡುವ ಮೀಟರು ಕೂರುವುದಿಲ್ಲ. ಸಿಲಿಂಡರಿಗೆ ಎರಡು ತೂತು. ಮೀಟರಿಗೆ ಎರಡು ಮೊಳೆ ಇರಬೇಕು. ಮಷಿನ್ನು ಕೊಟ್ಟ ಅಂಗಡಿಯವರು ಕಳಿಸಿದ್ದು ತಿರುಪಿನದು. ವಾಪಸು ಕೊಟ್ಟರೆ ಮತ್ತೆ ತಿರುಪಿನದೇ ಬಂತು, ಬೇರೆ ಡಬ್ಬಿಯಲ್ಲಿ. ಫೋನು ಹಚ್ಚಿದರೆ ಹಾಡು ಕೇಳಿಸುತ್ತಾರೆ.

ಆ ಬೆಳಿಗ್ಗೆ ಅಂಗಡಿಯ ಸುಕೇಶ್ ಮಷಿನ್ನು ಒರೆಸಿ ಸರಿಮಾಡಲು ಬಂದ. ಉಡುಪಿ ಕಡೆಯ ನಡುವಯಸ್ಸಿನವ. ಕೆಲಸ ಮುಗಿಸಿ ತಿರುಗಿದರೆ ಚನ್ನವ್ವ ಹೊಸ್ತಿಲಿಗೆ ಅಡ್ಡ ಕುರ್ಚಿ ಹಾಕಿ ಕೂತಿದ್ದಾಳೆ.

"ಮೀಟರ್ ತಂದೀಯೇನು?"

"ಮಂಡೇ ಬರ್ತದೆ ಅಮ್ಮ."

"ಯಾವ ಮಂಡೇ? ಹೋದ ತಿಂಗಳದ್ದೋ?"

"ನನ್ನ ಕೈಯಲ್ಲಿ ಎಂತ ಉಂಟು ಮಾರಾಯ್ರೆ? ದಾರಿ ಬಿಡಿ, ಚೆಂಬೂರಿಗೆ ಹೋಗ್ಲಿಕ್ಕುಂಟು."

"ಮೀಟರ್ ಬರೂತನಕ ನೀನೂ ಇಲ್ಲೇ ಇರು. ಸೋನಾಲಿ, ಇವಗ ಚಾ ಕೊಡು."

ಒಂದು ಚಾ ಆಯಿತು, ಇನ್ನೊಂದಾಯಿತು. ಸುಕೇಶ್ ಕಾಲು ಬದಲಿಸತೊಡಗಿದ.

"ಅಮ್ಮ, ಒಮ್ಮೆ ಟಾಯ್ಲೆಟ್ಟಿಗೆ..."

"ಪರದಿ ಹಿಂದ ಡಬ್ಬ ಐತಿ."

"ಅದರಲ್ಲಾ?"

"ಯಾಕ, ನನ್ನ ಕುಂಡಿ ಬ್ಯಾರೆ, ನಿನ್ನ ಕುಂಡಿ ಬ್ಯಾರೆ ಏನು?"

ಸೋನಾಲಿ ಸೆರಗು ಬಾಯಿಗಿಟ್ಟು ನಕ್ಕಳು. "ಆಯೀ, ಬಿಡಿ ನಾ ಅವರ್ಗೆ."

ಸುಕೇಶ್ ಸೋತು ಬ್ಯಾಗು ಬಿಚ್ಚಿದ. ಒಳಗಿತ್ತು ಮೀಟರು, ಎರಡು ಮೊಳೆಯದು.

"ಬ್ಯಾಗಿನ್ಯಾಗ ಇಟ್ಕೊಂಡು ಮಂಡೇ ಅಂತೀಯಲ್ಲೋ!"

"ಇದು ನಿಮ್ಮದಲ್ಲ. ಚೆಂಬೂರಿನ ಒಬ್ಬರು ಅಜ್ಜನದ್ದು. ಅವರಿಗೆ ನಾಳೆ ಆಸ್ಪತ್ರೆಗೆ ಹೋಗ್ಲಿಕ್ಕುಂಟು."

ಚನ್ನವ್ವ ಮೀಟರನ್ನೇ ನೋಡಿದಳು. ಹಚ್ಚಿಸಿಕೊಂಡು ವಾಪಸು ಕೊಡದಿದ್ದರೆ ಯಾರು ಕಿತ್ತುಕೊಳ್ಳುತ್ತಾರೆ?

"ಹಚ್ಚು. ಹೋಗಿ ಬಂದು ಕೊಡ್ತೀನಿ."

ಮೀಟರು ಸರಿಯಾಗಿ ಕೂತಿತು. ಚನ್ನವ್ವ ನಡೆದಳು, ಸೋನಾಲಿ ಹಿಂದೆ ಸಿಲಿಂಡರು ಎಳೆದಳು. ಸುಕೇಶ್ ಗಂಡಸರ ಕಡೆಗೆ ಓಡಿದ. ಸಾಲಿನಲ್ಲಿದ್ದ ಹೆಂಗಸರು ಸರಿದು ದಾರಿ ಬಿಟ್ಟರೆ, "ನಾ ಏನು ಸತ್ತೀನೇನು?" ಎಂದು ಚನ್ನವ್ವ ರೇಗಿ ಸಾಲಿನಲ್ಲೇ ನಿಂತಳು. ಸಿಲಿಂಡರು ಹೊರಗೆ, ನಳಿ ಬಾಗಿಲ ಸಂದಿಯಿಂದ ಒಳಗೆ. ಹೊರಬಂದವಳ ಮುಖ ಕೆಂಪಾಗಿತ್ತು.

"ಚಿಲಕ ಯಾವಾಗ ಮುರದೈತಿ? ಬಾಯಿ ಇಲ್ಲೇನು ನಿಮಗ? ಯಾರೂ ಹೋಗಿ ಕೇಳಿಲ್ಲೇನು?"

ಯಾರೂ ಕೇಳಿರಲಿಲ್ಲ.

ಮನೆಗೆ ಬಂದು ಮಷಿನ್ನಿನ ನಳಿ ಸಿಕ್ಕಿಸಿಕೊಂಡು, ಮೀಟರು ಬಿಚ್ಚಿಸಿ ಸುಕೇಶನ ಕೈಗಿಟ್ಟಳು.

"ಆ ಮುದುಕಂಗ ಕೊಡು. ರೋಗಿ ಕೂಡ ನನ್ನ ಜಗಳಿಲ್ಲ. ಆದ್ರ ನಿಮ್ಮ ಶೇಠಗ ಹೇಳು: ಮಂಡೇ ಮೀಟರ್ ಬರಲಿಲ್ಲಂದ್ರ ನಾ ಬರಾಕ ಆಗೂದಿಲ್ಲ ಖರೆ. ಡಬ್ಬ ಬರತೈತಿ, ಅವನ ಟೇಬಲ್ ಮ್ಯಾಲ."

ಸುಕೇಶ್ ನಗಲಿಲ್ಲ. ಈಕೆ ಕಳಿಸುವವಳೇ ಎಂದು ಅವನಿಗೆ ಗೊತ್ತಾಗಿತ್ತು.

ಮಧ್ಯಾಹ್ನ ಚನ್ನವ್ವ ಬೈಯುತ್ತಲೇ ಪರದೆಯ ಹಿಂದೆ ಹೋಗಿ ಬಂದಳು.

"ಆಯೀ, ಡಬ್ಬ ಖಾಲಿ ಮಾಡ್ಲಾ?"

"ಇವತ್ತಿಂದು ಮಾಡು," ಅಂದಳು. "ಮಂಡೇದ್ದು ಬ್ಯಾಡ."