ನೀರಿಳಿದಾಗ ಕಾಣುತ್ತಿದ್ದ ಒರಳು

ಕೆಸರು ಬಿಸಿಲಿಗೆ ಒಣಗುವ ವಾಸನೆ, ಕೊಳೆತ ಪಾಚಿಯೂ ಮೀನಿನ ಪೊರೆಯೂ ಬೆರೆತದ್ದು, ಎಲ್ಲಿ ಮೂಗಿಗೆ ತಾಗಿದರೂ ನನಗೆ ಅಜ್ಜಿಯ ತವರುಮನೆ ನೆನಪಾಗುತ್ತದೆ. ಆ ಮನೆಯನ್ನು ನಾನು ನೋಡಿಲ್ಲ. ಅಜ್ಜಿ ಏಳು ವರ್ಷದವಳಿದ್ದಾಗ ಮೆಟ್ಟೂರು ಅಣೆಕಟ್ಟಿನ ನೀರು ಊರನ್ನೇ ನುಂಗಿತು. ಸರ್ಕಾರ ಒಂದು ಕಾಗದ ಕೊಟ್ಟು ಎಬ್ಬಿಸಿತು. ಅಜ್ಜಿಯ ಮನೆಯವರು ದನ ಹೊಡೆದುಕೊಂಡು ಪೆನ್ನಾಗರದ ಕಡೆಗೆ ಬಂದರು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಅಜ್ಜಿ ನಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದಳು. ಮಣ್ಣಿನ ಗೋಡೆಗಳು ಎಂದೋ ಕರಗಿಹೋಗಿದ್ದವು. ಉಳಿದದ್ದು ನೆಲದಲ್ಲಿ ಹೂತಿದ್ದ ಒರಳುಕಲ್ಲುಗಳು ಮಾತ್ರ. ಒರಳು ನೋಡಿಯೇ ಜನ ತಮ್ಮ ತಮ್ಮ ಮನೆಯ ಗುರುತು ಹಿಡಿಯುತ್ತಿದ್ದರು. ಅಜ್ಜಿ ನಮ್ಮ ಒರಳಿನ ಕೆಸರು ಬಳಿದು, ತೊಳೆದು, ಅರಿಶಿನ ಹಚ್ಚಿ, ಒಂದು ಬೊಗಸೆ ಸಾಮೆ ಕುಟ್ಟುತ್ತಿದ್ದಳು. ಅಲ್ಲೇ ಮೂರು ಕಲ್ಲಿಟ್ಟು ಬೇಯಿಸಿ ಉಂಡು ಬಂದರೆ ತವರಿಗೆ ಹೋಗಿ ಬಂದಂತೆ.

ಅದಕ್ಕೇ ನಮ್ಮ ಈಗಿನ ಮನೆಯ ಒರಳನ್ನು ನೆಲಕ್ಕೆ ಹೂಳಲು ಅವಳು ಬಿಡಲಿಲ್ಲ. “ನಮ್ಮನೆ ಒರಳು ಅಲ್ಲೈತೆ. ಒಬ್ಬಳಿಗೆ ಎರಡು ಮನೆ ಯಾಕೆ?” ಎನ್ನುತ್ತಿದ್ದಳು. ಜಗಲಿಯ ಮೇಲೆ ಸುಮ್ಮನೆ ಇಟ್ಟ ಒರಳು ಒನಕೆಯ ಪೆಟ್ಟಿಗೆ ಜಾರುತ್ತಿತ್ತು. ನಾನು ಎದುರಿಗೆ ಕೂತು ಎರಡೂ ಪಾದ ಒತ್ತಿ ಹಿಡಿಯಬೇಕಾಗಿತ್ತು. ಪ್ರತಿ ಪೆಟ್ಟೂ ಮೊಣಕಾಲಿನವರೆಗೆ ಏರುತ್ತಿತ್ತು. “ಗಟ್ಟಿಯಾಗಿ ಒತ್ತಲೇ, ನಿನಗಿಂತ ಮುಂಚೆ ಒರಳೇ ಗಂಡನ ಮನೆಗೆ ಓಡೋಯ್ತದೆ!”

ನನ್ನ ಚಿಕ್ಕಮ್ಮನ ಮಗ ಮಾದೇಶ ಸೇಲಂನಲ್ಲಿ ಬೆಳೆದವನು. ಒಂದು ಬೇಸಿಗೆಯೂ ನಮ್ಮ ಜೊತೆ ಆ ಕೆಸರಿಗೆ ಬಂದವನಲ್ಲ. ಕಲಾವಿದ ಎನ್ನಿಸಿಕೊಂಡ ಮೇಲೆ ಅವನಿಗೆ ಇದ್ದಕ್ಕಿದ್ದಂತೆ ಮುಳುಗಿದ ಊರು ಬೇಕಾಯಿತು. ಕ್ಯಾಮೆರಾ, ಹಗ್ಗ, ಹಾರೆ, ಮೂವರು ಗೆಳೆಯರೊಡನೆ ಬಂದ. ಕೆಸರಿನಲ್ಲಿ ಹೂತಿದ್ದ ನಮ್ಮ ಒರಳನ್ನು ಕೀಳಬೇಕೆಂದ. ನಾನು ಬೇಡವೆಂದೆ.

“ಅಕ್ಕಾ, ಇದು ಸಿಂಬಲ್. ಉನಕ್ಕು ಪುರಿಯಾದು, ನಿಂಗೆ ತಿಳಿಯಾಕಿಲ್ಲ. ಒಂದು ಕೈ ಹಿಡಿ ಬಾ.”

ಅವನ ಇಂಗ್ಲಿಷಿಗೆ ಹೆದರಿದೆನೋ, ಗೆಳೆಯರ ಮುಂದೆ ನಾಚಿದೆನೋ, ಹಾರೆಯ ಒಂದು ತುದಿ ನಾನೇ ಹಿಡಿದೆ. ಮಾದೇಶನ ಮೇಲಿರುವ ತಾತ್ಸಾರದಲ್ಲಿ ಅರ್ಧ ಪಾಲು ನನಗೇ ಸಲ್ಲಬೇಕು. ದಡದಲ್ಲಿ ಕೂತಿದ್ದ ಅಜ್ಜಿ, “ಫೋಟೋ ತಗ್ದಾದ್ಮೇಲೆ ಅಲ್ಲೇ ಇಟ್ಬುಡ್ಲಾ” ಎಂದಳು.

“ಕಂಡಿಪ್ಪಾ, ಇಟ್ಟೇ ಇಡ್ತೀನಜ್ಜಿ,” ಎಂದ. ಸಂಜೆ ವ್ಯಾನಿಗೆ ಹೇರಿಕೊಂಡು ಹೋದ.

ಅಜ್ಜಿ ಹಾಸಿಗೆ ಹಿಡಿದ ಮೇಲೆ ದಿನವೂ ಕೇಳುತ್ತಿದ್ದಳು, “ಒರಳು ಇಟ್ನಾ ಅವ್ನು?” “ಇಟ್ಟವ್ನೆ ಅಜ್ಜಿ,” ಎನ್ನುತ್ತಿದ್ದೆ. ಆ ಸುಳ್ಳನ್ನು ನಂಬಿಯೇ ಅವಳು ಕಣ್ಣು ಮುಚ್ಚಿದಳು.

ಆಮೇಲೆ ಸೇಲಂನ ಒಂದು ಹಾಲ್‌ನಲ್ಲಿ ಅವನ ವಿಡಿಯೋ ನೋಡಿದೆ. ‘ಒಂದು ಕುಟುಂಬದ ಗಡಿಪಾರು’ ಎಂದು ಗೋಡೆಗೆ ಬರೆಸಿದ್ದ. ಪರದೆಯ ಮೇಲೆ ಮಾದೇಶ ಬರಿಗಾಲಲ್ಲಿ, ಬಿರಿದ ನೆಲದ ಮೇಲೆ ಒರಳನ್ನು ಹಗ್ಗ ಕಟ್ಟಿ ಎಳೆಯುತ್ತಾನೆ, ಎಳೆಯುತ್ತಲೇ ಇರುತ್ತಾನೆ. ನಡುನಡುವೆ ಎರಡು ರಾಜ್ಯಗಳ ನೀರಿನ ಜಗಳದಲ್ಲಿ ಉರಿದ ಬಸ್ಸುಗಳು. ನಮ್ಮವರು ಒರಳನ್ನು ಎಳೆದುಕೊಂಡು ಬರಲೇ ಇಲ್ಲ. ಬಿಟ್ಟು ಬಂದದ್ದೇ ಅವರ ಕತೆ. ಅಷ್ಟೂ ತಿಳಿಯದವನಿಗೆ ಜನ ಕಾಫಿ ಲೋಟ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಒರಳು ಕೀಳುವ ಮುನ್ನ ತೆಗೆದುಕೊಂಡಿದ್ದ, ಅಜ್ಜಿ ಕುಟ್ಟುವ ದೃಶ್ಯವೂ ಇತ್ತು. ಒನಕೆಯ ಸದ್ದು ತೆಗೆದು ಕೊಳಲು ಹಾಕಿದ್ದ. ಒರಳು ಮೂಲೆಯಲ್ಲಿ, ದೀಪದ ಕೆಳಗೆ, ಹಲಗೆಯ ಮೇಲೆ ಕೂತಿತ್ತು. ಒಳಗೆ ಕೈಯಿಟ್ಟೆ. “ಅಮ್ಮಾ, ತೊಡಾದೀಂಗ,” ಮುಟ್ಟಬೇಡಿ ಎಂದು ಕಾವಲಿನವನು ಗದರಿದ. ವಾಪಸ್ ಕೊಡು ಎಂದು ಮಾದೇಶನನ್ನು ಕೇಳಿದೆ. ಅದು ಈಗ ಕಲಾಕೃತಿಯ ಭಾಗವಂತೆ. ಮುಂದಿನ ವಾರ ವಿದೇಶಕ್ಕೆ ಹಡಗು ಹತ್ತುತ್ತದಂತೆ. ನನ್ನನ್ನು ತಬ್ಬಿಕೊಂಡು, “ಅಜ್ಜಿ ಈಗ ಉಲಗಂ ಪೂರಾ, ಲೋಕಕ್ಕೆಲ್ಲ ಓಗ್ತಾಳೆ ಅಕ್ಕಾ,” ಎಂದ. ಮೈ ಕೊಡವಿಕೊಂಡು ಬಂದೆ.

ಈ ಬೇಸಿಗೆಯಲ್ಲಿ ನೀರು ಮತ್ತೆ ಇಳಿಯಿತು. ಸೆರಗಿನಲ್ಲಿ ಒಂದು ಬೊಗಸೆ ಸಾಮೆ ಕಟ್ಟಿಕೊಂಡು ಹೋದೆ. ಬೇರೆಯವರು ತಮ್ಮ ತಮ್ಮ ಒರಳಿನ ಬಳಿ ನಿಂತಿದ್ದರು. ನಾವು ಅಗೆದ ಗುಂಡಿಯನ್ನು ಹೂಳು ಮುಚ್ಚಿತ್ತು. ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ನಡೆದೆ. ನಮ್ಮ ಮನೆ ಯಾವುದೆಂದು ಗೊತ್ತಾಗಲಿಲ್ಲ. ಸಾಮೆಯನ್ನು ಹಾಗೇ ವಾಪಸ್ ತಂದು ಜಗಲಿಯ ಒರಳಿಗೆ ಸುರಿದು ಕುಟ್ಟತೊಡಗಿದೆ. ಎದುರಿಗೆ ಕೂತು ಪಾದ ಒತ್ತುವವರು ಯಾರೂ ಇರಲಿಲ್ಲ. ಪೆಟ್ಟಿಗೊಂದಿಷ್ಟು ಜಾರುತ್ತಾ ಒರಳು ಜಗಲಿಯ ಅಂಚಿಗೆ ಬಂದು ನಿಂತಿತು.