ಬೇವಿನ ಎಲೆಗೆ ನಾನು ಹಚ್ಚಿದ ವಿಜ್ಞಾನ

ಹಸಿ ಬೇವಿನ ಎಲೆಯನ್ನು ಬೆರಳಲ್ಲಿ ತಿಕ್ಕಿದಾಗ ಬರುವ ಘಾಟು ನಿಮಗೆ ಗೊತ್ತಿರಬೇಕು. ಎಲ್ಲರಿಗೂ ಅದರಿಂದ ಯುಗಾದಿ ನೆನಪಾಗುತ್ತದಂತೆ. ನನಗೆ ಮಾತ್ರ ಸಿಟ್ಟು ಬರುತ್ತದೆ. ಮೊನ್ನೆ ಸಿಂದಗಿಯ ನಮ್ಮ ಮನೆಯ ಅಂಗಳದಲ್ಲಿ ಕುಳಿತು ಆ ಎಲೆ ತಿಕ್ಕುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಈಗ ಗೊಳಸಂಗಿ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಶಾಲೆಯ ಕಾರ್ಯಕ್ರಮಕ್ಕೆ ಕರೆಯಲು ಬಂದಿದ್ದ. ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿದ್ದ ವಿಷಯ: ‘ಹಿರಿಯರ ಆಚರಣೆಗಳಲ್ಲಿ ಅಡಗಿರುವ ವಿಜ್ಞಾನ’. ಮುಖ್ಯ ಅತಿಥಿ, ನಿವೃತ್ತ ವಿಜ್ಞಾನ ಶಿಕ್ಷಕಿಯಾದ ನಾನು.

ಈ ‘ಅಡಗಿರುವ ವಿಜ್ಞಾನ’ ಎಂಬ ಮಾತು ಕೇಳಿದರೆ ನನ್ನ ಮೈ ಉರಿಯುತ್ತದೆ. ವಿಜ್ಞಾನ ಯಾಕೆ ಅಡಗಬೇಕು? ಅದೇನು ಕಳವು ಮಾಡಿದೆಯೇ? ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದವರನ್ನು ಕೇಳಿ ನೋಡಿ, ಅದರಲ್ಲಿ ವಿಟಮಿನ್ ಇದೆ ಎನ್ನುತ್ತಾರೆ. ಇದ್ದರೆ ನೀವು ತಿನ್ನಿ, ಬಾಗಿಲಿಗೆ ಯಾಕೆ ತಿನ್ನಿಸುತ್ತೀರಿ? ಮಂತ್ರ ಹಾಕುವವನ ಮೇಲೆ ನನಗೆ ಇಷ್ಟು ಸಿಟ್ಟಿಲ್ಲ. ಅವನು ಮಂತ್ರವನ್ನು ಮಂತ್ರ ಎಂದೇ ಹೇಳುತ್ತಾನೆ. ಅದಕ್ಕೆ ಬಿಳಿ ಕೋಟು ತೊಡಿಸುವವರು ನಮ್ಮಂಥ ಕಲಿತವರು.

ಮಾಸ್ತರ ಎಲೆಯನ್ನು ಮೂಸುತ್ತ ಹೇಳಿದ: “ಮೇಡಂ, ಈ ಬೇವಿನ ಪರೀಕ್ಷಾ ನೀವಾ ಹೇಳ್ರಿ. ಹಾವು ಕಡದು ವಿಷ ಏರಿದ್ರ ನಾಲಿಗಿ ನರ ಮರಗಟ್ಟಿ ಕಹಿ ಹತ್ತಂಗಿಲ್ಲ. ಕಹಿ ಹತ್ತಿದ್ರ ವಿಷ ಇಲ್ಲ. ನಾ ಪ್ರತಿ ವರ್ಷ ಹುಡುಗರಿಗೆ ಹೇಳ್ತೇನ್ರಿ. ನೀವಾ ಕಲಿಸಿದ್ದಲ್ರಿ?”

ಹೌದು, ನಾನೇ ಕಲಿಸಿದ್ದು. ಕಲಿಸುವುದಕ್ಕೆ ಮೊದಲು ಹುಟ್ಟಿಸಿದ್ದೂ ನಾನೇ.

ಆಗ ನಾನು ಬಿ.ಎಸ್ಸಿ. ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ರಜೆಗೆ ತಾಂಬಾ ಊರಿನ ಕಾಕಾನ, ಅಂದರೆ ಚಿಕ್ಕಪ್ಪನ, ಮನೆಗೆ ಹೋದರೆ ನನ್ನ ಗತ್ತೇ ಗತ್ತು. ಮಜ್ಜಿಗೆ ಕುಡಿಯುವಾಗಲೂ ಅದು ಹೇಗೆ ಹುಳಿಯಾಗುತ್ತದೆಂದು ವಿವರಿಸುತ್ತಿದ್ದೆ. ಪಾಪ, ಎಲ್ಲರೂ ಸಹಿಸಿಕೊಳ್ಳುತ್ತಿದ್ದರು. ಹಾವು ಕಡಿದವರಿಗೆ ಬೇವು ತಿನ್ನಿಸಿ ನೋಡುವುದು ಅಲ್ಲಿ ಹಿಂದಿನಿಂದ ನಡೆದು ಬಂದದ್ದು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಕಾಕಾ ಕೇಳಿದ: “ನೀ ಇಷ್ಟು ಓದೀದಿ. ಬೇವು ತಿನಸೂದ್ರಾಗ ಏನರ ಸೈನ್ಸ್ ಐತೇನ?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಬಿ.ಎಸ್ಸಿ.ಯ ಮರ್ಯಾದೆ ಹೋಗುತ್ತದೆ. ಮೂಢನಂಬಿಕೆ ಎಂದರೆ ಕಾಕಾನ ಮುಖ ಬಾಡುತ್ತದೆ. ತುತ್ತು ನುಂಗುವಷ್ಟರಲ್ಲಿ ನಾಲಿಗೆ, ನರ, ಮರಗಟ್ಟುವುದು ಎಲ್ಲವನ್ನೂ ಜೋಡಿಸಿ ಹೇಳಿಬಿಟ್ಟೆ. ಕಾಕಾನಿಗೆ ಹಿಗ್ಗೋ ಹಿಗ್ಗು. ಊರೆಲ್ಲ ಸಾರಿದ. ನಾನೂ ಅದನ್ನು ತರಗತಿಯಲ್ಲಿ ಹೇಳಿ ಮಕ್ಕಳಿಂದ ಚಪ್ಪಾಳೆ ತಟ್ಟಿಸಿಕೊಂಡೆ.

ಎರಡು ವರ್ಷದ ಮೇಲೆ, ಹೊಲದಲ್ಲಿ ತೊಗರಿ ಕಟ್ಟಿಗೆ ಎತ್ತುವಾಗ ಚಿಗವ್ವನ ಬಲಗೈಗೆ ಹಾವು ಕಚ್ಚಿತು. ಚಿಗವ್ವ ಎಂದರೆ ಈ ಕಾಕಾನ ಹೆಂಡತಿ. ನಾನು ಆಗ ಸಿಂದಗಿಯಲ್ಲಿ ಪಾಠ ಮಾಡುತ್ತಿದ್ದೆ. ನಡೆದದ್ದನ್ನು ಆಮೇಲೆ ಅವಳೇ ಹೇಳಿದಳು. ಬೇವು ತಿನ್ನಿಸಿದರು. ಕಹಿ ಎಂದಳು. ಮನೆಮಂದಿ ಉಸಿರು ಬಿಟ್ಟರು. ಅಷ್ಟರಲ್ಲಿ ಮಂತ್ರ ಹಾಕುವ ಮಲ್ಲಪ್ಪ ಬಂದ. ಊದುತ್ತಿದ್ದ ಕೈಯನ್ನು ನೋಡಿದವನೇ, “ಚೇಳು ಆಗಿದ್ರ ನಾ ಮಂತ್ರ ಹಾಕ್ತಿದ್ನಿರಿ. ಇದು ನನ್ನ ಕೈಲಿ ಆಗೂದಲ್ಲ. ಜೀಪ್ ತರಸ್ರಿ, ದವಾಖಾನಿಗೆ ಒಯ್ರಿ” ಎಂದ.

ಕಾಕಾ ನಕ್ಕನಂತೆ. “ಕಹಿ ಹತ್ತೇತಿ, ವಿಷ ಇಲ್ಲ. ನಮ್ಮ ಹುಡುಗಿ ಸೈನ್ಸ್ ಓದಿದಾಕಿ ಹೇಳ್ಯಾಳ. ಮಂತ್ರದಾಂವಗ ಏನ ತಿಳೀತೈತಿ?”

ನೋಡಿದಿರಾ? ಮಂತ್ರದವನು ಆಸ್ಪತ್ರೆಗೆ ಹೋಗಿ ಎಂದ, ವಿಜ್ಞಾನ ಬೇಡ ಎಂದಿತು. ಹಾವು ಕಚ್ಚಿದ್ದು ಮುಂಜಾನೆ; ಊತ ಮೊಣಕೈ ದಾಟಿದ ಮೇಲೆ ಹೆದರಿ ಹೊರಟು, ವಿಜಯಪುರದ ದವಾಖಾನೆ ಮುಟ್ಟಿದ್ದು ಸಂಜೆ. ಚಿಗವ್ವ ಹೇಗೋ ಬದುಕಿದಳು. ಎರಡು ಬೆರಳು ಕೊಳೆತಿದ್ದವು, ತೆಗೆದರು. ರಕ್ತ ಕೆಡಿಸುವ ವಿಷಕ್ಕೆ ನಾಲಿಗೆಯ ಗೊಡವೆಯೇ ಇಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದಾಗ, ಸುದ್ದಿ ತಿಳಿದು ಸಿಂದಗಿಯಿಂದ ಓಡಿ ಬಂದಿದ್ದ ನಾನು ಗೋಡೆ ನೋಡುತ್ತ ನಿಂತಿದ್ದೆ. ಅಂದಿನಿಂದ ಆ ಪಾಠ ನಿಲ್ಲಿಸಿದೆ. ಆದರೆ ಅದು ಸುಳ್ಳು ಎಂದು ಒಬ್ಬರಿಗೂ ಹೇಳಲಿಲ್ಲ. ಚಿಗವ್ವ ಅಂದಿನಿಂದ ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಜನರೆದುರು ಕೂಡುತ್ತಾಳೆ. ಕಾಕಾ ತೀರಿಕೊಳ್ಳುವವರೆಗೆ ಅದನ್ನು ದೈವ ಎಂದ. ನಾನು ತಲೆಯಾಡಿಸಿದೆ.

ಮೊನ್ನೆ ಮಾಸ್ತರ ಅದೇ ಪಾಠ ಒಪ್ಪಿಸುತ್ತಿದ್ದಾಗ ಚಿಗವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಎಂಟು ದಿನ ಇದ್ದು ಹೋಗಲು ಬಂದಿದ್ದಾಳೆ. ರೊಟ್ಟಿಯ ಸಪ್ಪಳ ನಿಂತಿತು. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಇವನ ತರಗತಿಯಲ್ಲಿ ಕುಳಿತ ಮಕ್ಕಳ ಮನೆಗಳು, ಹೊಲಗಳು, ಹಾವುಗಳು ನನ್ನ ಕಣ್ಣಮುಂದೆ ಬಂದವು. ಇನ್ನು ನುಂಗಿಕೊಳ್ಳಲು ಆಗಲಿಲ್ಲ.

“ಚಿಗವ್ವಾ, ಆ ನಾಲಿಗಿ ನರದ ಮಾತು ನಾ ಎಲ್ಲೂ ಓದಿರಲಿಲ್ಲ. ಕಾಕಾ ಕೇಳಿದಾ ಅಂತ ಕುಂತಲ್ಲೇ ಹುಟ್ಟಿಸಿ ಹೇಳಿದ್ನಿ.”

“ಖರೇನ?”

“ಖರೇ.”

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಮಲ್ಲಪ್ಪ ಸಾಲಿ ಕಟ್ಟಿ ಹತ್ತಿ ಅಕ್ಷರ ಕಲತಾಂವಲ್ಲ. ತನಗ ಬರಂಗಿಲ್ಲ ಅಂತ ಹೇಳಿದ. ನಿನಗ ಅಷ್ಟು ಹೇಳಾಕ ಏನಾಗಿತ್ತ?” ಎಂದಳು.

ಇಷ್ಟು ವರ್ಷ ಊರಿನವರ ಮೇಲೆ, ಮಾಸ್ತರರ ಮೇಲೆ, ಮೊಬೈಲಿನ ಸುದ್ದಿಗಳ ಮೇಲೆ ಹರಿಹಾಯ್ದ ಸಿಟ್ಟೆಲ್ಲ ಅಂದು ಸರಿಯಾದ ಮನೆಗೆ ಬಂದು ಸೇರಿತು. ಮಾಸ್ತರ ಎಲೆಯನ್ನು ಕೆಳಗೆ ಹಾಕಿ, ಕಾರ್ಯಕ್ರಮ ರದ್ದು ಮಾಡಲೇ ಎಂದು ಮೆಲ್ಲಗೆ ಕೇಳಿದ. ಬೇಡ ಎಂದೆ.

ಬರುವ ವಾರ ಹೋಗುತ್ತೇನೆ. ನಿಮ್ಮ ಮಾಸ್ತರರಿಗೆ ನಾನು ಸುಳ್ಳು ಕಲಿಸಿದ್ದೆ ಎಂದೇ ಮಕ್ಕಳೆದುರು ಮಾತು ಶುರು ಮಾಡಬೇಕು. ಚಿಗವ್ವನೂ ಬರುತ್ತಾಳಂತೆ. ಕೈಯನ್ನು ಸೆರಗಿನಿಂದ ಹೊರಗಿಟ್ಟುಕೊಂಡು ವೇದಿಕೆಯ ಮೇಲೆ ಕೂಡುತ್ತೇನೆ ಎಂದಿದ್ದಾಳೆ.