ಅಡ್ಡ ಇದ್ದ ಎಲೆಗಳು

ನಮ್ಮ ಭಾವನ ಬಾಯಿಂದ ದಿನಕ್ಕೆ ಮೂರೇ ಮಾತು ಹೊರಡುವುದು, ಅದೂ ಆಸ್ಪತ್ರೆಯಲ್ಲಿ. ಅಡ್ಡ ಇರೋದೆಲ್ಲ ತೆಗೀರಿ. ಉಸಿರು ಹಿಡೀರಿ. ಹಾಂ, ಬಿಡಿ. ಎಕ್ಸ್‌ರೇ ಕೋಣೆಯಲ್ಲಿ ತಲೆ ನರೆಯುವವರೆಗೂ ಇದೇ ಕೆಲಸ. ಸರ, ಬೆಲ್ಟು, ಲೋಹದ ಗುಂಡಿ, ಏನು ಅಡ್ಡ ಬಂದರೂ ಚಿತ್ರದಲ್ಲಿ ಬೆಳ್ಳಗೆ ಕೂತುಬಿಡುತ್ತದಂತೆ. ಮನೆಗೆ ಬಂದರೆ ಆ ಮೂರು ಮಾತೂ ಇಲ್ಲ. ಏನು ಕೇಳಿದರೂ ಹೂಂ, ಒತ್ತಿ ಕೇಳಿದರೆ ಉಹೂಂ. ಮಾತಾಡಿದರೆ ಮುತ್ತು ಉದುರುತ್ತಾ ಅಂತ ನಾನು ಎಷ್ಟು ಸಲ ಕೇಳಿಲ್ಲ. ಅದಕ್ಕೂ ಹೂಂ.

ಅಕ್ಕ ಮೆಟ್ಟಿಲಿಂದ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಚಿತ್ರ ತೆಗೆದವರೂ ಭಾವನೇ. ಆಪರೇಷನ್ ಆಯಿತು, ಮೂಳೆ ಕೂಡಲಿಲ್ಲ. ತೋರಿಸಲು ಹೋದಾಗಲೆಲ್ಲ ಹೆಂಡತಿಯನ್ನು ಮೇಜಿನ ಮೇಲೆ ಮಲಗಿಸಿ, ಅಲ್ಲಾಡಬೇಡ ಎಂದು ಹೇಳಿ, ಡಾಕ್ಟರಿಗಿಂತ ಮುಂಚೆ ತಾವೇ ನೋಡಿ ತಿಳಿದುಕೊಳ್ಳಬೇಕು. ಆಮೇಲೆ ಮನೆಯಲ್ಲಿ ಅವಳ ಮುಖ ನೋಡಲಾರರು. ಮಂಚದ ಪಕ್ಕ ನಾನು ಹಾಕಿಟ್ಟ ಸ್ಟೂಲಿನ ಮೇಲೆ ಒಂದು ದಿನವೂ ಕೂರಲಿಲ್ಲ. ಬಾಗಿಲಲ್ಲೇ ನಿಂತು, ಏನಾದ್ರೂ ಬೇಕಾ ಎಂದು ಕೇಳಿ ಹೋಗಿಬಿಡುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಗಲೆಲ್ಲ ಹೊಲಿಗೆ ಮಿಷನ್ನು ತುಳಿದು, ನಡುನಡುವೆ ಎದ್ದು ಅಕ್ಕನ ಮಗ್ಗುಲು ಬದಲಿಸಿ, ಬಟ್ಟೆ ಬದಲಿಸಿ, ಸಂಜೆ ಹೊತ್ತಿಗೆ ನನ್ನ ಸೊಂಟವೂ ನನ್ನದಲ್ಲ ಅನ್ನಿಸುತ್ತಿತ್ತು. ಬೈಯುವುದಕ್ಕೂ ತ್ರಾಣ ಬೇಕಲ್ಲ.

ಅಕ್ಕನಿಗೆ ಸಂಜೆಯೇ ಕಷ್ಟದ ಹೊತ್ತು. ಬೆಳಕು ಹೋಗುತ್ತಿದ್ದಂತೆ ಮನಸ್ಸೂ ಕುಸಿಯುವುದು. ಸರಿಯಾಗಿ ಆಗಲೇ ಕಿಟಕಿಯಾಚೆ, ಹಿತ್ತಿಲ ಗೋಡೆಗೆ ಒತ್ತಿಕೊಂಡು ಬೆಳೆದ ಪೊದೆಯೊಳಗಿಂದ ಒಂದು ಹಕ್ಕಿ ಕೂಗುವುದು. ಮೂರು ಸಲ ಏರಿಸಿ, ನಾಲ್ಕನೆಯದನ್ನು ಕೈಬಿಟ್ಟ ಹಾಗೆ ಇಳಿಸುವುದು. ಕಣ್ಣಿಗೆ ಬಿದ್ದದ್ದೇ ಇಲ್ಲ. ಅಕ್ಕ ಮಲಗಿದ್ದಲ್ಲೇ ಕತ್ತು ತಿರುಗಿಸಿ, "ಬಂದ್ಯಾ? ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ?" ಎಂದು ವಿಚಾರಿಸಿಕೊಳ್ಳುವಳು. ಅದು ಮತ್ತೆ ಕೂಗುವುದು. ಇವಳು ಮನೆಯ ಸುದ್ದಿಯೆಲ್ಲ ಒಪ್ಪಿಸುವಳು, ನನ್ನ ಮೇಲಿನ ಚಾಡಿಯೂ ಸೇರಿ. ಹಕ್ಕಿ ಬಂದ ದಿನ ರಾತ್ರಿ ಎರಡು ತುತ್ತು ಹೆಚ್ಚಿಗೆ ತಿನ್ನುವಳು. ನನಗೆ ಅಷ್ಟು ಸಾಕಿತ್ತು.

ಒಂದು ಸಂಜೆ ಭಾವ ಬಾಗಿಲಲ್ಲಿ ನಿಂತಿದ್ದಾಗ ಅಕ್ಕ, ನೋಡೋಕೆ ಹೇಗಿದೆಯೋ ಪಾಪ, ಅಂದಳು. ಸುಮ್ಮನೆ ಅಂದ ಮಾತು. ಈ ಮಹಾನುಭಾವರು ಅದನ್ನೇ ಹಿಡಿದುಕೊಂಡರು. ಯಾರೋ ಸ್ನೇಹಿತರ ಹತ್ತಿರವಿದ್ದ ಹಳೆಯ ಕ್ಯಾಮೆರಾ, ತೋಳುದ್ದದ ಟೆಲಿಫೋಟೋ ಲೆನ್ಸು, ಫ್ಲ್ಯಾಶು, ಮೂರು ಕಾಲಿನ ಸ್ಟ್ಯಾಂಡು ಎಲ್ಲ ಮನೆಗೆ ಬಂತು. ಆಸ್ಪತ್ರೆಯಿಂದ ಬಂದವರೇ ನನ್ನ ಕಪ್ಪು ಲೈನಿಂಗ್ ಬಟ್ಟೆ ಮೇಲಿಂದ ಹೊದ್ದುಕೊಂಡು ಹಿತ್ತಿಲಲ್ಲಿ ಕೂತುಬಿಡುವರು. ಆ ಅವತಾರ ನೋಡಿದರೆ ಹಕ್ಕಿಯಲ್ಲ, ಕಳ್ಳನೂ ಕಾಲಿಗೆ ಬುದ್ಧಿ ಹೇಳಬೇಕು.

ಪೊದೆಯೊಳಗೆ ಆ ಹೊತ್ತಿಗೆ ಕತ್ತಲು, ಫ್ಲ್ಯಾಶ್ ಇಲ್ಲದೆ ಏನೂ ಮೂಡುವುದಿಲ್ಲ. ಅದರ ಬೆಳಕು ಅಷ್ಟು ದೂರ ಮುಟ್ಟಲೆಂದು ಮುಂದೆ ಭೂತಗನ್ನಡಿಯಂಥ ಪ್ಲಾಸ್ಟಿಕ್ ಹಾಳೆಯೊಂದನ್ನು ಕಟ್ಟುತ್ತಿದ್ದರು. ಒಂದು ಬೆಳಿಗ್ಗೆ ಅದನ್ನು ಕಿಟಕಿಯಲ್ಲಿ ಮರೆತು ಹೋಗಿದ್ದಾರೆ, ಬಿಸಿಲು ಅದರಿಂದ ಹಾಯ್ದು ಅಕ್ಕನ ಹೊದಿಕೆ ತೂತಾಯಿತು. ಸುಟ್ಟ ವಾಸನೆಗೆ ನಾನು ಎದ್ದೆನೋ ಬಿದ್ದೆನೋ ಎಂದು ಓಡಿಬಂದರೆ ಅವಳು ನಗುತ್ತಿದ್ದಾಳೆ. ಡಾಕ್ಟರ ಕೈಲಿ ಆಗ್ಲಿಲ್ಲ ನೋಡು, ನಿನ್ನ ಭಾವನೇ ಮೂಳೆಗೆ ಬೆಸುಗೆ ಹಾಕೋಕೆ ಹೊರಟಿದ್ದಾರೆ, ಅಂದಳು. ನನಗೂ ನಗು ಬಂತು.

ಹಕ್ಕಿ ಮಾತ್ರ ಸಿಗಲಿಲ್ಲ. ಪ್ರತಿ ಚಿತ್ರದಲ್ಲೂ ಮುಂದಿನ ಎಲೆಗಳು ಫ್ಲ್ಯಾಶಿಗೆ ಹೊಳೆದು ಸುಣ್ಣ ಬಳಿದ ಹಾಗೆ ಬೆಳ್ಳಗೆ, ಅದರ ಹಿಂದೆ ಎಲ್ಲೋ ಒಂದಿಷ್ಟು ಕಂದು. ಒಂದರಲ್ಲಿ ಬಾಲ, ಇನ್ನೊಂದರಲ್ಲಿ ಬರೀ ಕಣ್ಣು, ಅದೂ ಕೆಂಡದ ಹಾಗೆ ಉರಿಯುವ ಕಣ್ಣು. ಅಡ್ಡ ಬರ್ತಿದೆ ಎಂದು ಭಾವ ತಮ್ಮಷ್ಟಕ್ಕೇ ಗೊಣಗಿದರು. ಮರುದಿನ ನನ್ನ ಕತ್ತರಿ ಮಾಯವಾಗಿತ್ತು.

ಬಟ್ಟೆಯ ಕತ್ತರಿಯಲ್ಲಿ ನಾನು ಕಾಗದ ಕೂಡ ಕತ್ತರಿಸಗೊಡುವುದಿಲ್ಲ. ಇವರು ಅದರಲ್ಲಿ ಎಲೆ ಕತ್ತರಿಸುತ್ತಿದ್ದರು. ಕೆಲಸಕ್ಕೆ ಹೊರಡುವ ಮೊದಲು ಇವತ್ತು ನಾಲ್ಕೆಲೆ, ನಾಳೆ ಒಂದು ಕಡ್ಡಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ನಾನು ರೇಷ್ಮೆಗೆ ಕತ್ತರಿ ಇಟ್ಟರೆ ಅದು ಕತ್ತರಿಸುವ ಬದಲು ಜಗಿಯುತ್ತಿದೆ! ಹೊಟ್ಟೆಪಾಡಿಗೆ ಕಲ್ಲು ಹಾಕ್ತೀರಾ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಹೂಂ ಅಂದರು. ಕತ್ತರಿ ಮಾತ್ರ ಬೆಳಗಾದರೆ ಪೊದೆಯಲ್ಲೇ.

ಕೊನೆಗೂ ಸಿಕ್ಕಿತು. ದೊಡ್ಡ ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು ಬಂದು, ಅಂದು ಬಾಗಿಲಲ್ಲಿ ನಿಲ್ಲದೆ ನೇರ ಮಂಚದ ಹತ್ತಿರವೇ ಹೋದರು. ಎಕ್ಸ್‌ರೇ ಹಿಡಿದ ಹಾಗೆ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ನೋಡು, ಅಂದರು. ಪುಟ್ಟ ಕಂದು ಹಕ್ಕಿ, ಮಾಸಲು ಬಿಳಿ ಕುತ್ತಿಗೆ, ಕೂಗಲು ತೆರೆದ ಕೊಕ್ಕು. ಕಣ್ಣಲ್ಲಿ ಸಾಸಿವೆಯಷ್ಟು ಬೆಳಕು. ಮುಂದೆ ಒಂದೇ ಒಂದು ಎಲೆ ಇಲ್ಲ. ಅಕ್ಕ ಬಹಳ ಹೊತ್ತು ನೋಡಿದಳು. ಇಷ್ಟಿದ್ದುಕೊಂಡು ಅಷ್ಟು ಗಂಟಲಾ ಇದಕ್ಕೆ ಎಂದು ಖುಷಿಪಟ್ಟು, ಎದುರಿನ ಗೋಡೆಗೆ ಅಂಟಿಸಲು ನನಗೆ ಹೇಳಿದಳು.

ಆ ಸಂಜೆ ಹಕ್ಕಿ ಕೂಗಲಿಲ್ಲ. ಮರುದಿನವೂ ಇಲ್ಲ. ಎಲ್ಲೋ ಹೋಗಿರುತ್ತೆ, ಬರುತ್ತೆ ಬಿಡು ಎಂದು ಅಕ್ಕ ನನಗೇ ಸಮಾಧಾನ ಹೇಳಿದಳು. ಆಮೇಲೆ ಅದನ್ನೂ ಹೇಳಲಿಲ್ಲ. ತಟ್ಟೆ ಹಾಗೇ ಹಿಂದಕ್ಕೆ ಬರತೊಡಗಿತು. ಕತ್ತಲಾಗುತ್ತಿದ್ದಂತೆ ಗೋಡೆಯ ಚಿತ್ರ ನೋಡುತ್ತ ಮಲಗಿರುವಳು.

ನಾನು ಹಿತ್ತಿಲಿಗೆ ಹೋಗಿ ಸ್ಟ್ಯಾಂಡಿನ ಗುರುತಿದ್ದ ಜಾಗದಲ್ಲಿ ನಿಂತು ನೋಡಿದೆ. ಅಕ್ಕನ ಕಿಟಕಿಯಿಂದ ದಟ್ಟವಾಗಿ ಕಾಣುವ ಪೊದೆಗೆ ಅಲ್ಲಿಂದ ನೋಡಿದರೆ ಅಂಗಿಯ ತೋಳು ಕೂರಿಸುವಷ್ಟು ದೊಡ್ಡ ತೂತು. ಹಕ್ಕಿ ಕೂರುತ್ತಿದ್ದ ಕೊಂಬೆ ಬೋಳಾಗಿ ನಿಂತಿತ್ತು. ದಾರಿಹೋಕ ಬೆಕ್ಕಿಗೂ ಕಾಣುವ ಹಾಗೆ. ಹಿಂದೆಯೇ ಭಾವ ಬಂದು ನಿಂತರು.

"ಅಡ್ಡ ಇತ್ತು ಅಂತ ತೆಗೆದೆ," ಅಂದರು.

"ನಿಮಗೆ ಅಡ್ಡ ಭಾವ, ಹಕ್ಕಿಗೆ ಮರೆ," ಅಂದೆ. ಇನ್ನೂ ಅನ್ನುವುದಿತ್ತು. ಅವರ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಕೆಟ್ಟ ಮೇಲೆ ಬುದ್ಧಿ ಬಂದವರನ್ನು ಬೈದು ಏನು ಬಂತು? ಕ್ಯಾಮೆರಾ ಅವತ್ತೇ ಸ್ನೇಹಿತರ ಮನೆಗೆ ವಾಪಸ್ಸು ಹೋಯಿತು.

ಕೆಲವು ದಿನ ಕಳೆದು, ಸಂಜೆ ನಾನು ಮಿಷನ್ನಿಗೆ ಮುಸುಕು ಹಾಕುತ್ತಿದ್ದಾಗ ಕೂಗು ಕೇಳಿತು. ಮೂರು ಏರಿಕೆ, ಒಂದು ಇಳಿಕೆ. ಆದರೆ ಮೂರನೆಯದು ಒಡಕಲು, ಇಳಿಕೆಯಲ್ಲಿ ಬರೀ ಗಾಳಿ. ಅಡುಗೆಮನೆಯ ಕಿಟಕಿಯಿಂದ ಇಣುಕಿದರೆ, ಆಸ್ಪತ್ರೆಯ ಬಟ್ಟೆ ಕೂಡ ಬದಲಿಸದೆ ಭಾವ ಪೊದೆಯ ಬುಡದಲ್ಲಿ ಮೊಣಕಾಲೂರಿ ಕೂತು ಸಿಳ್ಳೆ ಹಾಕುತ್ತಿದ್ದಾರೆ. ಊರಿಗೆಲ್ಲ ಉಸಿರು ಹಿಡೀರಿ ಎನ್ನುವವರಿಗೆ ತಮ್ಮ ಉಸಿರು ಸಾಲುತ್ತಿರಲಿಲ್ಲ. ಅಕ್ಕನ ಕೋಣೆಗೆ ಹೋದೆ.

ಅವಳು ಕತ್ತು ಕಿಟಕಿಯ ಕಡೆ ತಿರುಗಿಸಿದ್ದಳು. "ಬಂದ್ಯಾ?" ಅಂದಳು.

ಹೊರಗಿಂದ ಇನ್ನೊಂದು ಸಿಳ್ಳೆ, ಮೊದಲಿನದಕ್ಕಿಂತ ಕಡೆ. ಅದರ ಹಿಂದೆಯೇ ಕೆಮ್ಮು. ಅಕ್ಕನ ಕಣ್ಣೀರು ಓರೆಯಾಗಿ ಕಿವಿಯೊಳಗೆ ಇಳಿಯಿತು.

"ರೀ, ಸಾಕು. ಒಳಗೆ ಬನ್ನಿ," ಎಂದು ಅವಳು ಕೂಗಿ ಹೇಳಿದಳು. "ನಾನು ಯಾಕೆ ಅದರ ಹತ್ರ ಮಾತಾಡ್ತಿದ್ದೆ ಅಂದ್ಕೊಂಡ್ರಿ? ನೀವು ಬರ್ತಿರ್ಲಿಲ್ಲ, ಅದಕ್ಕೆ."

ಭಾವ ಬಂದರು. ಮೊಣಕಾಲಿಗೆಲ್ಲ ಮಣ್ಣು. ಬಾಗಿಲಲ್ಲಿ ನಿಂತು, ಅಭ್ಯಾಸಬಲ, ಏನಾದ್ರೂ ಬೇಕಾ ಅನ್ನುವರೇನೋ ಅಂದುಕೊಂಡೆ. ಅನ್ನಲಿಲ್ಲ. ಸ್ಟೂಲಿನ ಮೇಲೆ ನಾನು ಒಟ್ಟಿದ್ದ ಬಟ್ಟೆ ಎತ್ತಿ ನೆಲಕ್ಕಿಟ್ಟರು.

"ಮೂಳೆ ಇನ್ನು ಕೂಡ್ಕೊಳ್ಳಲ್ಲ ಕಣೇ," ಅಂದರು.

"ಗೊತ್ತು," ಅಂದಳು ಅಕ್ಕ. "ಕೂತ್ಕೊಳ್ಳಿ."

ಅವರು ಕೂತರು. ಕೋಣೆ ಕತ್ತಲಾಗಿತ್ತು. ನಾನು ದೀಪ ಹಾಕಲು ಹೋದವಳು ಹಾಕದೆ ಅಡುಗೆಮನೆಗೆ ಬಂದೆ.